ತಲೆಯಾಡಿಸುವ ಕತ್ತು

ಮಹಡಿಯಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಮೇಲೆ ದಾಕ್ಷಾಯಿಣಿಯ ತೋಳು ಏಳುತ್ತಿತ್ತು, ಬೆರಳು ಮಡಚುತ್ತಿರಲಿಲ್ಲ. ವೈದ್ಯರು ಅವಳ ಎದೆಯ ಚರ್ಮದಡಿ ಒಂದು ಪುಟ್ಟ ಯಂತ್ರವಿಟ್ಟರು. ಕತ್ತಿನ ಸ್ನಾಯು ಬಿಗಿದರೆ ಯಂತ್ರ ಅದನ್ನು ಅರಿತು ಕೈಗೆ ಹೇಳುತ್ತಿತ್ತು, ಕೈ ಮುಷ್ಟಿ ಕಟ್ಟುತ್ತಿತ್ತು. ಇನ್ನೊಮ್ಮೆ ಬಿಗಿದರೆ ಬಿಡುತ್ತಿತ್ತು.

ಮೊದಲ ದಿನ ಕೈ ಕಾಫಿ ಲೋಟ ಹಿಡಿಯಿತು. ಲೋಟ ತುಟಿಯ ಹತ್ತಿರ ಬಂದಾಗ ನಾದಿನಿ ಕೇಳಿದಳು, "ಅತ್ತಿಗೆ, ಸಕ್ಕರೆ ಸಾಕಾ?" ಕತ್ತು ರೂಢಿಯಂತೆ ಹೂಂ ಎಂದು ಆಡಿತು. ಕೈ ಲೋಟ ಬಿಟ್ಟಿತು. ಆರಿದ ಕಾಫಿ ಸೀರೆಗೆ ಚೆಲ್ಲಿತು.

"ಯಾಕೆ ಬಿಟ್ಟೆ?" ಎಂದು ಕತ್ತು ಗದರಿತು.

"ನೀನೇ ಬಿಡು ಎಂದೆಯಲ್ಲ," ಎಂದಿತು ಕೈ.

"ನಾನು ಸಕ್ಕರೆಗೆ ಹೂಂ ಎಂದದ್ದು!"

ಯಂತ್ರ ಹೇಳಿತು, "ಯಾವುದಕ್ಕೆ ಎಂದೆಯೋ ನನಗೆ ತಿಳಿಯದು. ನೀನು ಬಿಗಿದದ್ದಷ್ಟೇ ತಿಳಿಯುತ್ತದೆ."

"ಕೇಳಿದವರಿಗೆಲ್ಲ ತಲೆಯಾಡಿಸಿಯೇ ಈ ಮನೆಯಲ್ಲಿ ಒಳ್ಳೆಯ ಸೊಸೆ ಅನ್ನಿಸಿಕೊಂಡಿದ್ದೇನೆ," ಎಂದು ಕತ್ತು ಬೀಗಿತು.

"ಅನ್ನಿಸಿಕೊಂಡದ್ದು ನೀನು, ಒದ್ದೆಯಾದದ್ದು ಅವಳ ಸೀರೆ," ಎಂದಿತು ಕೈ. "ನಾನು ಕೆಲಸ ಮಾಡಬೇಕೋ, ಮತ್ತೆ ಮಡಿಲಲ್ಲಿ ಸುಮ್ಮನೆ ಬಿದ್ದಿರಬೇಕೋ? ನೀನೇ ಹೇಳು."



ನಾದಿನಿ ಇನ್ನೊಂದು ಲೋಟ ತಂದಳು. ಕೈ ಹಿಡಿಯಿತು. "ಪಾಪ, ನಿಮಗ್ಯಾಕೆ ಕಷ್ಟ? ಇನ್ನು ಮೇಲೆ ನಾನೇ ಕುಡಿಸ್ತೀನಿ, ಆಯ್ತಾ ಅತ್ತಿಗೆ?" ಎಂದಳು.

ಕತ್ತು ಅಲುಗಲಿಲ್ಲ. ಲೋಟ ತುಟಿ ತಲುಪಿತು. ದಾಕ್ಷಾಯಿಣಿ ಒಂದು ಗುಟುಕು ಕುಡಿದು ಬಾಯಿ ಬಿಟ್ಟು ಹೇಳಿದಳು:

"ಬೇಡ ಕಣೇ, ನಾನೇ ಕುಡೀತೀನಿ. ಮತ್ತೆ, ಸಕ್ಕರೆ ಸಾಲದು. ಯಾವತ್ತೂ ಸಾಲ್ತಿರಲಿಲ್ಲ."