ಕಡೀಕ ಕೂಡಿಸಿದ ಹಾಡುಗಾರ

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಆರನೇ ಇಯತ್ತೆಯ ಪಾಟಿಚೀಲ ಬಿಸಾಕಿ, ನಾಟಕ ಕಂಪನಿಯ ಲಾರಿ ಹತ್ತಿ ನಾನು ಮೊದಲ ಸಲ ಮನೆ ಬಿಟ್ಟೆ. ವರ್ಷಗಟ್ಟಲೆ ಊರೂರು ತಿರುಗುತ್ತ ಪರದೆ ಎಳೆದೆ, ಕದ್ದು ಕೇಳಿ ಹಾಡು ಕಲಿತೆ. ಜನರೆದುರು ಹಾಡಲು ಮಾತ್ರ ಯಾರೂ ಬಿಡಲಿಲ್ಲ.

ಗುರುಗಳ ಮುಂದೆ ಕೂತು ಕಲಿಯುವ ಆಸೆಗೆ ಸಂಗೀತ ಕಾಲೇಜಿಗೆ ಅರ್ಜಿ ಹಾಕಿದೆ. ಸಂದರ್ಶನದ ದಿನ ಪ್ರಾಚಾರ್ಯ ಮುಜುಮದಾರರು ನನ್ನ ಮಾಸಿದ ಅಂಗಿ ನೋಡಿಯೇ, “ನೀ ಕಡೀಕ ಕೂಡಪಾ” ಅಂದರು. ಮುಂಜಾನೆಯಿಂದ ಒಬ್ಬೊಬ್ಬರೇ ವೇದಿಕೆ ಹತ್ತಿ ಹಾಡಿ ಇಳಿದರು. ಹೊತ್ತು ಇಳಿದಾಗ, ಎಲ್ಲರ ಕೊನೆಗೆ, ನನ್ನ ಪಾಳಿ ಬಂತು.

“ಕಛೇರಿ ಮಾಡಿದ ಅನುಭವ ಅದ ಏನು? ಇಲ್ಲದವರಿಗೆ ಸೀಟಿಲ್ಲ” ಎಂದರು ಪ್ರಾಚಾರ್ಯರು.

“ಒಂದು ಐತ್ರಿ ಸರ್.”

“ಎಲ್ಲಿ ಮಾಡಿದಿ?”

“ಇಲ್ಲೇರಿ. ಮುಂಜಾನಿಂದ ಹಾಡಿಕಿ ನಡದೈತಿ, ತಾವು ಕುಂತು ಕೇಳಾಕತ್ತೀರಿ. ಎಲ್ಲಾರಕಿಂತ ದೊಡ್ಡ ಹಾಡುಗಾರನ್ನ ಕಡೀಕ ಕೂಡಿಸೂದು ಪದ್ಧತಿ. ನನ್ನ ಅಲ್ಲಿ ಕೂಡಿಸಿದವರು ತಾವ.”

ತಬಲಾದ ಬಡಿಗೇರ ಮಾಸ್ತರು ಕಿಸಕ್ಕನೆ ನಕ್ಕರು. ಮುಜುಮದಾರರ ಮುಖ ಕೆಂಪಾಯಿತು. “ಹಾಡು ಹಂಗಾರ. ಆಮ್ಯಾಲ ಹಾಡೂದು ಅಂದ್ರೇನು ಅಂತ ನಾ ಹಾಡಿ ತೋರಸ್ತೀನಿ.”

ನಾನು ಭೈರವಿ ಎತ್ತಿಕೊಂಡೆ. ಭೈರವಿ ಹಾಡಿದರೆ ಕಛೇರಿ ಮುಗಿದಂತೆ, ಆಮೇಲೆ ಯಾರೂ ಹಾಡುವಂತಿಲ್ಲ. ಮೊದಲ ಆಲಾಪಕ್ಕೇ ಪ್ರಾಚಾರ್ಯರಿಗೆ ನನ್ನ ಆಟ ತಿಳಿಯಿತು. ಆದರೂ ಕಣ್ಣು ಮುಚ್ಚಿ ಕಡೆತನಕ ಕೇಳಿದರು.

“ಸರ್, ಈಗ ತಾವು ಹಾಡೂ ಹಂಗಿಲ್ಲ” ಎಂದರು ಮಾಸ್ತರು.

“ಮಾತಾಡಾಕ ಅಡ್ಡಿಯಿಲ್ಲಲ್ಲ?” ಎಂದು ಮುಜುಮದಾರರು ನನ್ನತ್ತ ತಿರುಗಿದರು. “ಸೋಮವಾರ ಬಾ. ಮುಂದಿನ ಸಾಲಿನ್ಯಾಗ ಕೂಡು.”

ಕಂಪನಿಯ ಬಿಡಾರಕ್ಕೆ ಬಂದು ಹಾಸಿಗೆ ಸುತ್ತಿದೆ.

“ಮತ್ತ ಓಡಿ ಹೊಂಟಿಯೇನಲೇ?” ಎಂದರು ಕಂಪನಿ ಮಾಲೀಕರು.

“ಇಲ್ರಿ, ಈ ಸಲ ಕರದಾರ” ಎಂದು ಟ್ರಂಕಿನ ಚಿಲಕ ಹಾಕಿದೆ.