ಗಾಲಿಗೆ ಗಾಳಿ ಹಿಡಿದ ಅಡಿವೆಪ್ಪ

ಸಾಮಾನು ಕೊಳ್ಳೋರು ಸಾಮಾನು ನೋಡ್ರಿ, ಕತೆ ಕೇಳೋರು ನೆರಳಿಗೆ ಬರ್ರಿ. ಕೇಳೋದಕ್ಕೆ ಸುಂಕವಿಲ್ಲ.

ಹೆದ್ದಾರಿ ಬದಿಗೆ, ಹಳ್ಳದ ದಂಡೆಯ ಮೇಲೆ ಫಕೀರವ್ವನ ಅಂಗಳ. ಅಂಗಳ ಅಂದರೆ ರಂಗೋಲಿ ಹಾಕುವ ಅಂಗಳ ಅಲ್ಲ, ಲಾರಿ ನಿಲ್ಲುವ ಅಂಗಳ. ಮಿಲಿಟರಿಯವರು ಇನ್ನು ಸಾಕು ಅಂತ ಲಿಲಾವಿಗೆ ಬಿಟ್ಟ ಲಾರಿ ಹಿಡಿದು ತರೋದು, ಬಿಚ್ಚೋದು, ತೊಳೆಯೋದು, ಮತ್ತೆ ಜೋಡಿಸೋದು, ಕಲ್ಲಿನ ಖಣಿಯವರಿಗೆ ಮಾರೋದು. ಗಂಡ ತೀರಿದಾಗ ಊರವರು, "ಹೆಣ್ಣಮಗಳು, ಸೀರಿ ಅಂಗಡಿ ಇಟಗೊಳವ್ವ" ಅಂದಿದ್ದರು. ಫಕೀರವ್ವ ಸೆರಗು ಸೊಂಟಕ್ಕೆ ಸಿಗಿಸಿ ಲಾರಿಯ ಅಡಿಗೆ ನುಗ್ಗಿದಳು. ಆವತ್ತಿನಿಂದ ಆಕೆಯದು ಒಂದೇ ಮಾತು: "ನನ್ನ ಅಂಗಳ ದಾಟಿದ ಗಾಡಿ ಮುಂದಿನ ಗಾಲಿಲೆ ಎಳೀಬೇಕು. ಎಳೀಲಿಲ್ಲಂದ್ರ ಅದು ನನ್ನ ಗಾಡೀನ ಅಲ್ಲ."

ಯಾಕೆ ಹಾಗೆ? ಹಿಂದಿನ ಗಾಲಿಯಿಂದಷ್ಟೇ ತಳ್ಳಿಕೊಂಡು ಓಡೋ ಲಾರಿ ಎಲ್ಲೆಲ್ಲೂ ಸಿಗುತ್ತವೆ. ಮಿಲಿಟರಿ ಲಾರಿಯ ಗತ್ತೇ ಬೇರೆ. ಕೆಸರು ಬಂತೋ, ಉಸುಕು ಬಂತೋ, ಡ್ರೈವರ್ ಸ್ಟೇರಿಂಗ್ ಪಕ್ಕದ ಒಂದು ಗುಂಡಿ ಎಳೀತಾನೆ. ಇಂಜಿನ್ ತುಂಬಿಸಿಟ್ಟ ಟ್ಯಾಂಕಿನ ಗಾಳಿ ಪೈಪಿನೊಳಗೆ ಓಡುತ್ತದೆ. ಓಡಿ, ಗಾಡಿಯ ಹೊಟ್ಟೆಯಲ್ಲಿರೋ ಒಂದು ಸಣ್ಣ ಡಬ್ಬಿಯ ದಂಡವನ್ನು ತಳ್ಳುತ್ತದೆ. ಅಲ್ಲಿ ಹಲ್ಲಿಗೆ ಹಲ್ಲು ಕೂಡುತ್ತವೆ, ಮುಂದಿನ ಗಾಲಿಗಳೂ ಎಳೆಯತೊಡಗುತ್ತವೆ. ಎಲ್ಲಾ ಗಾಳಿಯ ಆಟ.

ಇಷ್ಟು ಬಲ್ಲ ಫಕೀರವ್ವನಿಗೆ ಒಬ್ಬನೇ ಮಗ, ಅಡಿವೆಪ್ಪ. ಮೀಸೆ ಎಮ್ಮೆಯ ಕೊಂಬಿನಂಗ, ಎದೆ ವಾಡೆಯ ಬಾಗಿಲಿನಂಗ. ತಲೆ? ತಲೆಯ ಮೇಲಿನ ರುಮಾಲು ಚಂದ ಇತ್ತು. ಗಾಡಿ ಓಡಿಸೋದರಲ್ಲಿ ಗಟ್ಟಿಗ. ಆದರೆ ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕೂದಲೆಳೆಯಷ್ಟೂ ಕಮ್ಮಿಯಿಲ್ಲ. ಅದೇ ಅವನ ರೋಗ.

"ಯವ್ವಾ, ನನ್ನಂಥ ಮಗ ಯಾರಿಗರ ಅದಾನೇನು?"

"ಯಾರಿಗೂ ಇಲ್ಲೋ ಯಪ್ಪಾ. ಯಾರಿಗೂ ಬ್ಯಾಡ!"

ಒಮ್ಮೆ ಲಿಲಾವಿನಿಂದ ಒಂದು ದೊಡ್ಡ ಗಾಡಿ ಬಂತು. ಆರು ಗಾಲಿ, ಹಸಿರು ಬಣ್ಣ, ಆನೆಯ ಮೈ. ಇಳಕಲ್ ಕಡೆಯ ಖಣಿಯ ಧಣಿ ವೀರನಗೌಡ, "ಅದು ನನಗ ಇರಲಿ, ಬಂದು ನೋಡ್ತೀನಿ" ಅಂತ ಹೇಳಿ ಕಳಿಸಿದ್ದ. ಗುಂಡಿ ಎಳೆದು ನೋಡಿದರೆ ಮುಂದಿನ ಗಾಲಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

"ಅಡಿವ್ಯಾ, ಗಾಲಿ ಕೂಡವಲ್ವು. ಟ್ಯಾಂಕಿಗೆ ಗಾಳಿ ಸಾಲವಲ್ದು. ನಾ ಪ್ಯಾಟಿಗೆ ಹೋಗಿ ಡಬ್ಬಿಗೆ ಹಾಕೋ ರಬ್ಬರ್ ಬಳಿ ತರ್ತೀನಿ, ಅಷ್ಟರಾಗ ನೀ ಗಾಳಿ ಹಿಡದಿಡು."

"ಆತವ್ವಾ, ಹಿಡದಿಡ್ತೀನಿ!"

ಫಕೀರವ್ವ ಪೇಟೆಯಿಂದ ಬಂದಳು. ಇಂಜಿನ್ನಿನ ಸದ್ದಿಲ್ಲ. ನೋಡಿದರೆ ಮಗ ದಿನ್ನೆಯ ಮೇಲೆ ಗೋಣಿಚೀಲದ ಬಾಯಿ ಅಗಲಿಸಿಕೊಂಡು ಗಾಳಿಗೆ ಎದುರಾಗಿ ಓಡುತ್ತಿದ್ದಾನೆ. ಓಡಿ, ಗಕ್ಕನೆ ಬಾಯಿ ಮುಚ್ಚಿ, ಸುತಳಿ ಬಿಗಿದು, ಹೊತ್ತು ತಂದು ಲಾರಿಗೆ ಒಗೆಯುತ್ತಿದ್ದಾನೆ. ಲಾರಿಯ ತುಂಬ ಚೀಲ!

"ಏನೋ ಇದು?"

"ಗಾಳಿ! ಪಡುವಣ ಗಾಳಿ ಯವ್ವಾ, ಖಡಕ್ ಐತಿ. ಮುಂಜಾನಿದು ತೆಳ್ಳಗಿತ್ತು, ಅದನ್ನ ಬಿಟ್ಟೆ."

"ಅಯ್ಯ ನನ್ನ ಹಣೇಬರಾ! ಚೀಲದಾಗ ಗಾಳಿ ನಿಲ್ತೈತೇನೋ? ಇಂಜಿನ್ ಚಾಲೂ ಮಾಡಿದ್ರ ಗಾಳಿ ತಾನ ತುಂಬತಿತ್ತು. ಆಮೇಲೆ ಕಿವಿ ಕೊಟ್ಟು ಕೇಳಬೇಕಿತ್ತು. ಎಲ್ಲಿ 'ಸುಂಯ್' ಅಂತೈತಿ ಅಲ್ಲಿ ಸೋರ್ತೈತಿ. ಅಲ್ಲಿ ಟ್ಯೂಬಿನ ಪಟ್ಟಿ ಸುತ್ತಿ ಬಿಗೀಬೇಕಿತ್ತು!"

"ಇಷ್ಟ ಹೌದಲ್ಲ? ಇನ್ನೊಮ್ಮೆ ಹಂಗ ಮಾಡ್ತೀನಿ ತಗೋ."

ಮರುದಿನ ವೀರನಗೌಡ ಬಸ್ಸಿಳಿದು ಬಂದ. ರಾತ್ರಿಯೆಲ್ಲಾ ಕೂತು ಬಂದ ಮೈ, ಕಣ್ಣು ಎಳೆಯುತ್ತಿದ್ದವು. ಲಾರಿಯ ನೆರಳಿಗೆ ಹೊರಸು ಹಾಕಿಸಿಕೊಂಡು ಅಡ್ಡಾದ. ಫಕೀರವ್ವ ಚಹಾಕ್ಕೆ ಎಸರಿಡಲು ಒಳಗೆ ಹೋದಳು.

ಅಡಿವೆಪ್ಪ ಕಿವಿ ಕೊಟ್ಟ. ಬಾನೆಟ್ಟಿಗೆ ಕೊಟ್ಟ, ಇಲ್ಲ. ಪೈಪಿಗೆ ಕೊಟ್ಟ, ಇಲ್ಲ. ಗೌಡನ ಮುಖಕ್ಕೆ ಕೊಟ್ಟ. ಸುಂಯ್! ಮೂಗಿನ ಎರಡೂ ಕಡೆಯಿಂದ ಸುಂಯ್, ಸುಂಯ್!

"ಸಿಕ್ಕಿದಿ ಮಗನ!" ಅಂದವನೇ ಟ್ಯೂಬಿನ ಪಟ್ಟಿ ತಂದು ಗೌಡನ ಮೂಗಿಗೆ ಸುತ್ತಿ, ತಲೆಯ ಹಿಂದೆ ಗಂಟು ಹಾಕಿ ಬಿಗಿದ. ಗೌಡ ಹೊರಸಿನ ಸಮೇತ ಎದ್ದ!

ಚಹಾದ ಬಟ್ಟಲು ಹಿಡಿದುಕೊಂಡೇ ಫಕೀರವ್ವ ಓಡಿ ಬಂದಳು.

"ಯವ್ವಾ, ಸೋರೋದು ನಿಂತತಿ! ಬಾಯಾಗ ಒಂದೀಟು ಬರಾಕತ್ತೈತಿ. ಅದನ್ನೂ ಕಟ್ಟಲೇನು?"

ಪಟ್ಟಿ ಕಿತ್ತು ಒಗೆದ ಗೌಡನ ಮೂಗು ಕೆಂಪು ಬದನೆಕಾಯಿಯಾಗಿತ್ತು. "ಕೇಳು ಫಕೀರವ್ವ! ಬರೋ ಸೋಮಾರ ನನ್ನ ಜೀಪ್ ತಗೊಂಡ ಬರ್ತೀನಿ. ಈ ಹಳ್ಳದ ಉಸುಕಿನಾಗ ನಿನ್ನ ಗಾಡಿ ಮುಂದಿನ ಗಾಲಿಲೆ ಎಳೀಬೇಕು. ಎಳೀಲಿಲ್ಲೋ, 'ಫಕೀರವ್ವನ ಗಾಡಿಗೆ ಮುಂದಿನ ಗಾಲಿ ಬರೇ ಸಿಂಗಾರಕ್ಕ' ಅಂತ ಖಣಿ ಖಣಿಗೆ ಸಾರ್ತೀನಿ!"

ಗೌಡ ಹೋದ. ಆ ಮಾತು ಹೋಗಲಿಲ್ಲ, ಫಕೀರವ್ವನ ಎದೆಯಲ್ಲೇ ಕೂತಿತು. ಗೌಡನ ಮಾತನ್ನು ಖಣಿಯವರು ಕೇಳುತ್ತಾರೆ. ಖಣಿಯವರು ಬರದಿದ್ದರೆ ಅಂಗಳದಲ್ಲಿ ಉಳಿಯೋದು ತುಕ್ಕು. ತುಕ್ಕು ಹಿಡಿದ ಲಾರಿ ಕಿಲೋ ಲೆಕ್ಕದಲ್ಲಿ ಹೋಗುತ್ತದೆ, ಆದರೆ ತುಕ್ಕು ಹಿಡಿದ ಹೆಸರನ್ನು ಗುಜರಿಯವನೂ ಮುಟ್ಟೋದಿಲ್ಲ.

"ದೂರದಿಂದ ದಣಿದು ಬಂದೋರ ಮೂಗು ಕಟ್ತಾರೇನೋ, ಖೋಡಿ! ನಮ್ಮ ಅಂಗಳಕ್ಕ ದಣಿದು ಬಂದ್ರ ಮೊದಲು ನೀರು-ಬೆಲ್ಲ ಕೊಡಬೇಕು. ಹೊಟ್ಟಿ ತಣ್ಣಗ ಮಾಡಬೇಕು!"

"ಇಷ್ಟ ಹೌದಲ್ಲ? ಇನ್ನೊಮ್ಮೆ ಹಂಗ ಮಾಡ್ತೀನಿ ತಗೋ."

ಫಕೀರವ್ವ ಗಾಡಿಯ ಅಡಿಗೆ ಹೋದಳು. ಇಂಜಿನ್ ಓಡಿಸಿ ಗಾಳಿ ತುಂಬಿಸಿದಳು, ಅದು ನಿಲ್ಲಲಿಲ್ಲ. ಸೋಪಿನ ನೊರೆ ಮಾಡಿ ಪೈಪಿನ ಉದ್ದಕ್ಕೂ ಹಚ್ಚಿದಳು. ಗುಳ್ಳೆ ಎದ್ದಲ್ಲಿ ಸೀಳು ಇರಬೇಕು. ಗುಳ್ಳೆ ಎಲ್ಲೂ ಏಳಲಿಲ್ಲ. ಸೋರುತ್ತಿದೆ ಅಂತ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ಹೊತ್ತು ಮುಳುಗಿತು, ಎದ್ದು ಬಂದಳು.

ಅಡಿವೆಪ್ಪ ಲಾರಿಯನ್ನು ಮೇಲಿಂದ ಕೆಳಗೆ ನೋಡಿದ. ಧೂಳು ಹೊತ್ತಿದೆ, ದಣಿದಿದೆ, ದೂರದಿಂದ ಬಂದಿದೆ. ಪಾಪ, ಯಾರೂ ಒಂದು ಹನಿ ಕೊಟ್ಟಿಲ್ಲ! ಒಂದು ಕೊಡ ನೀರು ತಂದ, ಅಚ್ಚುಬೆಲ್ಲ ಕಿವುಚಿದ, ಏಲಕ್ಕಿಯನ್ನೂ ಹಾಕಿದ. ಗಾಳಿ ಟ್ಯಾಂಕಿನ ಪೈಪು ಬಿಚ್ಚಿ ಲಾಳಿಕೆ ಇಟ್ಟು ಅಷ್ಟನ್ನೂ ಸುರಿದ. ಮತ್ತೆ ಪೈಪು ಬಿಗಿದು, ಇಂಜಿನ್ ಓಡಿಸಿ, ಗುಂಡಿ ಎಳೆದ. "ಕುಡೀಪಾ, ಹೊಟ್ಟಿತುಂಬ ಕುಡಿ!"

ಬೆಳಿಗ್ಗೆ ಫಕೀರವ್ವ ಗಾಡಿಯ ಅಡಿಗೆ ಹೋದರೆ ಏಲಕ್ಕಿ ವಾಸನೆ! ಒಂದು ಹನಿ ಬೆರಳಿಗೆ ತಗೊಂಡು ನೆಕ್ಕಿದಳು. ಸಿಹಿ!

"ಅಡಿವ್ಯಾ! ಏನ್ ಹಾಕೀಯೋ ಇದಕ್ಕ?"

"ನೀರು-ಬೆಲ್ಲ ಯವ್ವಾ. ದಣಿದು ಬಂದಿತ್ತು."

ಬೈಯೋದಕ್ಕೆ ಬಾಯಿ ತೆರೆದವಳು ಹಾಗೇ ನಿಂತಳು. ಕೆಂಪಿರುವೆಯ ಸಾಲೊಂದು ಗಾಲಿ ಹತ್ತಿ, ಪೈಪು ಹತ್ತಿ, ಕೈ ಹೋಗದ, ಕಣ್ಣು ಹೋಗದ ಒಂದು ಮೂಲೆಯ ತಿರುವಿನ ಹಿಂದೆ ಜಾತ್ರೆಗೂಡಿತ್ತು. ನೊರೆ ಮುಟ್ಟದೆ ಬಿಟ್ಟ ಜಾಗ. ಕನ್ನಡಿ ಹಿಡಿದು ನೋಡಿದಳು. ಸೀಳು! ಕೂದಲಿನಷ್ಟು ಸಣ್ಣ ಸೀಳು!

ಫಕೀರವ್ವನಿಗೆ ನಗು ಬಂತು, ತೋರಿಸಲಿಲ್ಲ. ವ್ಯಾಪಾರದವಳು, ಲಾಭ ಬಂದಾಗಲೇ ಮುಖ ಗಂಟು ಹಾಕೋದು ರೂಢಿ. ಪೈಪು ಬದಲಿಸಿದಳು. ಬಿಸಿನೀರು ಹಾಯಿಸಿ ಬೆಲ್ಲದ ಅಂಟು ತೊಳೆದು ಒಣಗಿಸಿದಳು. ಸಣ್ಣ ಡಬ್ಬಿ ಬಿಚ್ಚಿ ಹೊಸ ರಬ್ಬರ್ ಬಳೆ ಕೂಡಿಸಿದಳು. ಗುಂಡಿ ಎಳೆದಳು. ಠಕ್! ದಂಡ ಸರಿಯಿತು. ಆ ಸದ್ದಿಗೆ ಆಕೆಯ ಬೆನ್ನು ತಾನಾಗಿ ನೆಟ್ಟಗಾಯಿತು. ಆಮೇಲೆ ಮಗನ ಕಡೆ ತಿರುಗಿದಳು.

"ಗಾಳಿ ಟ್ಯಾಂಕಿಗೆ ನೀರಂದ್ರ ವಿಷ! ದಿನಾ ಮುಂಜಾನೆ ತಳದ ತಿರುಪು ಬಿಚ್ಚಿ, ಒಳಗಿಂದೆಲ್ಲಾ ಇಳಿಸಿ, ಆಮೇಲೆ ಗಾಡಿ ಮುಟ್ಟಬೇಕು. ಅಂಗಳದಾಗ ನಿಂತದ್ದು ಯಾವ ಗಾಡಿ ಇರಲಿ!"

"ಯಾವ ಗಾಡಿ ಇರಲಿ?"

"ಯಾವ ಗಾಡಿ ಇರಲಿ!"

"ಇಷ್ಟ ಹೌದಲ್ಲ? ಹಂಗ ಮಾಡ್ತೀನಿ ತಗೋ."

ಸೋಮವಾರ ಬಂತು. ಹೊತ್ತೇರುವ ಮೊದಲೇ ಗೌಡನ ಜೀಪು ಬಂತು. ಹೊಸ ಜೀಪು, ಮುಖ ನೋಡಿಕೊಳ್ಳಬಹುದು, ಅಂಥ ಹೊಳಪು. ಅಂಗಳದಲ್ಲಿ ನಿಲ್ಲಿಸಿ, ಅಡಿವೆಪ್ಪನನ್ನು ಕಂಡು ಮೂಗು ಮುಚ್ಚಿಕೊಂಡೇ ಗೌಡ ಫಕೀರವ್ವನ ಸಂಗಡ ಉಸುಕು ನೋಡಲು ಹಳ್ಳಕ್ಕೆ ಇಳಿದ.

ಇಬ್ಬರೂ ತಿರುಗಿ ಬರುವಷ್ಟರಲ್ಲಿ ಅಡಿವೆಪ್ಪ ಜೀಪಿನ ಅಡಿಯಿಂದ ತೆವಳಿಕೊಂಡು ಹೊರಬಂದ. ಮುಖ, ಮೀಸೆ, ರುಮಾಲು ಎಲ್ಲಾ ಕಪ್ಪು.

"ಗೌಡ್ರ, ಎಂಥಾ ನೀರು ತುಂಬಿಸಿದ್ರಿ! ಎಷ್ಟು ದಿನದ್ದೋ ಏನೋ, ಕೊಳೆತು ಕರ್ರಗಾಗಿತ್ತು. ಒಂದ ಹನಿ ಬಿಟ್ಟಿಲ್ಲ ನೋಡ್ರಿ, ಪೂರಾ ಇಳಿಸೀನಿ!"

"ಅದು ನೀರಲ್ಲಲೇ, ಇಂಜಿನ್ ಆಯಿಲ್!" ಗೌಡ ತಲೆಯ ಮೇಲೆ ಕೈಹೊತ್ತ. "ನನ್ನ ಜೀಪ್ ಕೊಂದ್ಯಲ್ಲೋ! ಮುಗೀತು ಫಕೀರವ್ವ, ನಿನ್ನ ಗಾಡಿ ನೋಡೋದೂ ಬ್ಯಾಡ, ಏನೂ ಬ್ಯಾಡ!"

ಬೇರೆಯವರಾಗಿದ್ದರೆ ಕಾಲಿಗೆ ಬೀಳುತ್ತಿದ್ದರು. ಫಕೀರವ್ವ ಸೆರಗು ಸಿಗಿಸಿದಳು.

"ಆಯಿಲ್ ನಾ ತುಂಬಸ್ತೀನ್ರಿ, ಹೊಸಾದು. ಆದ್ರ ಆಯಿಲ್ ಬರೂತನಕ ನೀವು ಹೋಗೋದೆಲ್ಲಿಗೆ? ಗಾಡಿ ಎಳೀತೈತೋ ಇಲ್ಲೋ ನೋಡಬೇಕಂತ ಬಂದೀರಿ. ಬರೇ ಗಾಡಿ ಯಾಕ? ನಿಮ್ಮ ಜೀಪು ಕಟ್ಟಿ, ಜೀಪಿನಾಗ ನಿಮ್ಮನ್ನೂ ಕುಂಡ್ರಿಸಿ ಉಸುಕಿನಾಗ ಎಳೀತೀನಿ. ಎಳೀಲಿಲ್ಲಂದ್ರ ನೀವು ಸಾರೋದು ಯಾಕ? ನಾನ ಸಾರ್ತೀನಿ."

ಅಷ್ಟು ಅಂದ ಮೇಲೆ ಗೌಡ ಹಿಂದೆ ಸರಿಯೋದು ಹೇಗೆ? ಸರಪಳಿ ಕಟ್ಟಿದರು. ಗೌಡ ಜೀಪಿನ ಸ್ಟೇರಿಂಗ್ ಹಿಡಿದು ಕೂತ. ಸುದ್ದಿ ಹಬ್ಬಿ ಹೆದ್ದಾರಿಯ ಡ್ರೈವರುಗಳೆಲ್ಲಾ ಗಾಡಿ ನಿಲ್ಲಿಸಿ ದಂಡೆಯ ಮೇಲೆ ನೆರೆದರು. ಗಾಲಿ ಕಣ್ಣಿಗೆ ಕಾಣಬೇಕು ಅಂತ ಫಕೀರವ್ವನೂ ದಂಡೆಯ ಮೇಲೆ ನಿಂತಳು. ಲಾರಿಗೆ ಅಡಿವೆಪ್ಪ.

"ಅಡಿವ್ಯಾ, ಇವತ್ತು ನನ್ನ ಹೆಸರು ನಿನ್ನ ಕೈಯಾಗೈತಿ. ಮೊದಲ ಗೇರ್ ಹಾಕು, ಕೈ ಆಕ್ಸಿಲೇಟರ್ ಎಳೆದಿಡು, ಕಾಲು ತಗದ್ರೂ ಗಾಡಿ ಓಡತಿರಬೇಕು, ಉಸುಕಿನಾಗ ಮೆಲ್ಲಕ ಸುತ್ತು ಹೊಡಿ. ಉಸುಕಿನಾಗ ನಿಂತ್ರ ಗಾಲಿ ಹುಗೀತಾವ. ನಾ ನಿಲ್ಲು ಅನ್ನೂತನಕ ನಿಲ್ಲಬ್ಯಾಡ. ಯಾರು ಬಾಯಿ ಬಡಕೊಂಡ್ರೂ ನಿಲ್ಲಬ್ಯಾಡ!"

"ಇಷ್ಟ ಹೌದಲ್ಲ?"

ಲಾರಿ ಉಸುಕಿಗೆ ಇಳಿಯಿತು. ಹಿಂದಿನ ಗಾಲಿ ಗರ್ರ್ ಅಂತ ತಿರುಗಿ ಹುಗಿಯತೊಡಗಿದವು. ಅಡಿವೆಪ್ಪ ಗುಂಡಿ ಎಳೆದ. ಮುಂದಿನ ಗಾಲಿ ಸುಮ್ಮನಿದ್ದವು. ದಂಡೆಯ ಮೇಲೆ ಯಾರೋ ಕಿಸಕ್ ಅಂದರು. ಜೀಪಿನಿಂದ ಗೌಡ, "ಸಿಂಗಾರಕ್ಕ! ಸಿಂಗಾರಕ್ಕ!" ಅಂತ ಕೂಗಿದ.

ಫಕೀರವ್ವನಿಗೆ ಗೊತ್ತು. ಗಾಳಿ ಬಂದಿದೆ, ಹಲ್ಲಿಗೆ ಹಲ್ಲು ಎದುರಾಗಿ ನಿಂತಿವೆ, ಒಂದಿಷ್ಟು ಅಲುಗಿದರೆ ಸಾಕು.

"ಹಲ್ಲು ಕೂಡವಲ್ವೋ! ತುಸು ಹಿಂದ-ಮುಂದ ಅಳ್ಳಾಡು!"

ಅಡಿವೆಪ್ಪ ಸೀಟಿನಲ್ಲಿ ಕೂತಲ್ಲೇ ಹಿಂದೆ-ಮುಂದೆ, ಹಿಂದೆ-ಮುಂದೆ ಅಳ್ಳಾಡಿದ. ಹಲ್ಲು ಕಿರಿದು ಮೇಲಿನ ಹಲ್ಲಿಗೆ ಕೆಳಗಿನ ಹಲ್ಲು ಕೂಡಿಸಿ ತೋರಿಸಿದ.

"ನೀ ಅಲ್ಲೋ! ಗಾಡಿ! ಗಾಡಿ ಅಳ್ಳಾಡಸು!"

ಒಂದು ಗೇಣು ಹಿಂದೆ, ಒಂದು ಗೇಣು ಮುಂದೆ. ಠಕ್!

ಮುಂದಿನ ಗಾಲಿ ಉಸುಕನ್ನು ಕಚ್ಚಿದವು. ಎದ್ದ ಆನೆಯ ಹಾಗೆ ಲಾರಿ ಎದ್ದಿತು, ಸರಪಳಿ ಬಿಗಿಯಿತು, ಜೀಪು ಬಂತು, ಜೀಪಿನಲ್ಲಿ ಗೌಡ ಬಂದ. ದಂಡೆಯ ಮೇಲಿದ್ದವರು ಶಿಳ್ಳೆ ಹೊಡೆದರು. ಫಕೀರವ್ವ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಮೊದಲ ಸುತ್ತಿಗೆ ಗೌಡ ಎದುರಿಗೆ ಬಂದ. "ಎಳೀತೈತಿ ಫಕೀರವ್ವ! ಸಾಕು, ನಿಲ್ಲಸು!"

"ಏನಂದ್ರಿ? ಇಂಜಿನ್ ಸಪ್ಪಳಕ್ಕ ಕೇಳವಲ್ದು!"

ಮತ್ತೊಂದು ಸುತ್ತು. "ಗಾಡಿ ನನಗ ಬೇಕವ್ವಾ! ಒಪ್ಪೀನಿ! ನಿಲ್ಲಸು!"

"ಅದು ಕೇಳಸ್ತು. ಖಣಿ ಖಣಿಗೆ ಏನಂತ ಸಾರ್ತೀರಿ, ಅದು ಕೇಳಲಿಲ್ಲ!"

ಮತ್ತೊಂದು ಸುತ್ತು. ಗೌಡನ ತಲೆಯ ಪಟಗ ಬಿಚ್ಚಿ ಉಸುಕಿನಲ್ಲಿ ಹರಿದಾಡುತ್ತಿತ್ತು. "ಫಕೀರವ್ವನ ಗಾಡಿ ಮುಂದಿನ ಗಾಲಿಲೆ ಎಳೀತೈತಿ ಅಂತ ಸಾರ್ತೀನಿ! ಮುಂಜಾನಿ ತಿಂದ ರೊಟ್ಟಿ ಬಾಯಿಗೆ ಬಂತು, ನಿಲ್ಲಸ ತಾಯೀ!"

ಈ ಸಲ ದಂಡೆಯ ತುಂಬ ಇದ್ದವರೆಲ್ಲಾ ಕೇಳಿದರು. ಫಕೀರವ್ವ ಆನಂದದಿಂದ ಕೈಯೆತ್ತಿದಳು.

"ಅಡಿವ್ಯಾ! ನಿಲ್ಲೋ!"

ಅಡಿವೆಪ್ಪ ನಿಂತ.

ಸೀಟಿನ ಮೇಲೆ ಕಾಲೂರಿ, ಎದ್ದು, ನೆಟ್ಟಗೆ ನಿಂತ. ಕ್ಯಾನ್ವಾಸಿನ ಮಾಡು ಪರ್ರ್ ಅಂತ ಹರಿಯಿತು, ರುಮಾಲು ಬಂತು, ಮೀಸೆ ಬಂತು, ಎದೆ ಬಂತು. ಮೊಣಕಾಲಿನಿಂದ ಸ್ಟೇರಿಂಗ್ ಒತ್ತಿ ಹಿಡಿದು, ಪರೇಡಿನ ಸಾಹೇಬನ ಹಾಗೆ ಸೆಟೆದು ನಿಂತ. ಲಾರಿ ಹೋಗುತ್ತಲೇ ಇತ್ತು.

"ನಿಂತೀನವ್ವಾ!"

"ಗಾಡಿ ನಿಲ್ಲಸೋ, ಗಾಡಿ!"

"ಗಾಡಿ ನಿಂತ ಐತಲ್ಲವ್ವಾ! ಮಲಗಿಲ್ಲ!"

ಪಕ್ಕದ ಡ್ರೈವರೊಬ್ಬ ಹೊಟ್ಟೆ ಹಿಡಿದು ನಗುತ್ತಾ, "ಯಕ್ಕಾ, ಎಂಥಾ ಪೆದ್ದನ್ನ ಹಡದೀಯಬೇ!" ಅಂದ.

"ಪೆದ್ದ ಇದ್ದಾನು. ನನಗ ಗೊತ್ತಿಲ್ಲೇನು?" ಅಂದಳು ಫಕೀರವ್ವ. ಕಣ್ಣು ಮಾತ್ರ ಅತ್ತಿತ್ತ ಹೋಗಲಿಲ್ಲ. "ಗಾಡಿ ಎಳ್ಯಾಕತ್ತಿದ್ದು ನೋಡು. ಮಿಲಿಟರಿ ಸಾಹೇಬರ ಕೈಯಾಗ ಇದ್ದಾಗರ ಹಿಂಗ ಎಳೆದಿತ್ತೇನು ಅದು?"

ಗೌಡ ಸುತ್ತಿಗೊಮ್ಮೆ ಬಂದ, ಸುತ್ತಿಗೊಮ್ಮೆ ಸಾರಿದ. ಡೀಸೆಲ್ ತೀರಿತು, ಗಾಡಿ ನಿಂತಿತು. ಗಾಡಿ ನಿಂತಿತು, ಜನ ಚದುರಿದರು. ಜನ ಚದುರಿದರು, ಗೌಡ ಗಾಡಿ ಕೊಂಡ.

ಅಡಿವೆಪ್ಪ ಇನ್ನೂ ನಿಂತೇ ಇದ್ದ. ಕುಂಡ್ರು ಅಂತ ಯಾರೂ ಹೇಳಿರಲಿಲ್ಲ.