ಗಾಣಿಗನ ಮನೆಯ ಎರಡು ಬಟ್ಟಲು

"ಗುರುಗಳೇ, ಗಂಡಹೆಂಡಿರು ಸುಖವಾಗಿದ್ದಾರೆಯೇ ಎಂದು ತಿಳಿಯಲು ಅವರನ್ನೇ ಕೇಳಿದರೆ ಸಾಲದೇ?" ಎಂದು ಶಿಷ್ಯ ಕೇಳಿದ. ಗುರು ಈ ಕತೆ ಹೇಳಿದರು.

ಒಂದೂರಿನಲ್ಲಿ ಮದುವೆಯ ಚಪ್ಪರಕ್ಕೆ ಮೊದಲ ಕಂಬವನ್ನು ಅನ್ಯೋನ್ಯವಾಗಿರುವ ದಂಪತಿಯೇ ನೆಡಬೇಕೆಂಬ ಪದ್ಧತಿಯಿತ್ತು. ಗೌಡನ ಮಗಳ ಮದುವೆ ಬಂದಾಗ ನಾ ಮುಂದು ತಾ ಮುಂದು ಎಂದು ಎಲ್ಲರೂ ಬಂದರು. ಊರಲ್ಲಿ ಅಷ್ಟೊಂದು ಸುಖವಿದೆ ಎಂದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. ಗೌಡ ಅಳೆದೇ ನೋಡೋಣ ಎಂದು ಶಾನುಭೋಗನನ್ನು ಮನೆಮನೆಗೆ ಕಳಿಸಿದ. ಗಂಡನನ್ನು ಜಗಲಿಯಲ್ಲಿ, ಹೆಂಡತಿಯನ್ನು ಹಿತ್ತಿಲಲ್ಲಿ ಕೂರಿಸಿ, ಒಂದೊಂದು ಬಟ್ಟಲು ಕೊಟ್ಟು, ಮನಸ್ಸಿಗೆ ಎಷ್ಟು ತೃಪ್ತಿಯೋ ಅಷ್ಟು ರಾಗಿ ಹಾಕಿ ಎನ್ನುವುದು ಅವನ ಕೆಲಸ.

ಆ ಊರಿನ ಗಾಣಿಗನಿಗೆ ಕಂಬ ನೆಡುವ ಆಸೆ ಬಹಳ. ಅವನ ಅಪ್ಪ ಅಮ್ಮ ಜಗಳಕ್ಕೇ ಹೆಸರಾದವರು. ಅವರನ್ನು ಯಾರೂ ಒಂದು ಚಪ್ಪರಕ್ಕೂ ಕರೆದಿರಲಿಲ್ಲ. ಅವನು ಬಟ್ಟಲನ್ನು ತುಳುಕುವಷ್ಟು ತುಂಬಿದ. ಶಾನುಭೋಗ ಹಿತ್ತಿಲಿನಿಂದ ತಂದ ಹೆಂಡತಿಯ ಬಟ್ಟಲು ನೋಡಿದರೆ ತಳ ಮುಚ್ಚುವಷ್ಟೇ ರಾಗಿ. ಇಷ್ಟು ವರ್ಷ ಇವಳು ನನ್ನೊಡನೆ ಹೀಗೆ ಬಾಳಿದಳೇ ಎಂದು ಗಾಣಿಗ ಕೊರಗಿದ. ಕಾರಣ ಕೇಳಲು ಬಾಯಿ ಬರಲಿಲ್ಲ, ಮಧ್ಯಾಹ್ನದ ಊಟವೂ ಸೇರಲಿಲ್ಲ.

ಶಾನುಭೋಗನಿಗೂ ಇದು ವಿಚಿತ್ರವಾಗಿ ಕಂಡಿತು. ಸಂಜೆ ಇನ್ನೊಮ್ಮೆ ಬಂದು ಬಟ್ಟಲು ಕೊಟ್ಟ. ಈ ಸಲ ಹೆಂಡತಿ ತುಳುಕುವಷ್ಟು ತುಂಬಿದಳು. ಗಾಣಿಗ ನಾಲ್ಕು ಕಾಳು ಹಾಕಿದ. ಶಾನುಭೋಗ ಎರಡನ್ನೂ ತಂದು ಜಗಲಿಯ ಮೇಲೆ ಪಕ್ಕಪಕ್ಕದಲ್ಲಿಟ್ಟ.

"ಇದೇನ್ರೀ ಇದು?" ಎಂದಳು ಹೆಂಡತಿ.

"ಬೆಳಿಗ್ಗೆ ನೀನು ಹಾಕಿದ್ದೇನು?"

"ಬೆಳಿಗ್ಗೆ ನಿಮ್ಮಕ್ಕನ ಎದುರಿಗೇ ಸಾರಿಗೆ ಉಪ್ಪಿಲ್ಲ ಅಂದ್ರಲ್ಲ, ಮೈಯೆಲ್ಲ ಉರೀತಿತ್ತು. ಇವರು ಮೊದಲೇ ಸಂಜೆ ಬರಬಾರದಿತ್ತಾ?"

"ಅಷ್ಟೇನಾ?" ಎಂದ ಗಾಣಿಗ.

ಅವನಿಗೆ ಹೋದ ಜೀವ ಬಂದಂತಾಯಿತು. ಮೊದಲು ಅವಳು ನಕ್ಕಳು, ಆಮೇಲೆ ಅವನು. ಕಣ್ಣಲ್ಲಿ ನೀರು ಬರುವ ತನಕ ಇಬ್ಬರೂ ನಕ್ಕರು.

ಶಾನುಭೋಗ ಎರಡು ಸಲದ ರಾಗಿಯನ್ನೂ ಕೂಡಿಸಿ ಭಾಗಿಸಿ, ಇವರ ತೃಪ್ತಿ ಅರ್ಧ ಬಟ್ಟಲು ಎಂದು ಗೌಡನಿಗೆ ಒಪ್ಪಿಸಿದ. ಕಂಬ ನೆಡುವ ಮರ್ಯಾದೆ ಬೇರೆಯವರ ಪಾಲಾಯಿತು. ಗಾಣಿಗನಿಗೆ ಅದರ ಬೇಸರ ಹೆಚ್ಚು ಹೊತ್ತು ಇರಲಿಲ್ಲ. ಗಂಡಹೆಂಡಿರು ಜೊತೆಯಲ್ಲೇ ಹೋಗಿ ಮದುವೆಯೂಟ ಗಡದ್ದಾಗಿ ಉಂಡು ಬಂದರು.

"ಹಾಗಾದರೆ ಶಾನುಭೋಗ ತಪ್ಪಾಗಿ ಅಳೆದನೇ?" ಎಂದ ಶಿಷ್ಯ.

"ರಾಗಿಯನ್ನು ಸರಿಯಾಗಿಯೇ ಅಳೆದ, ಆ ನಗುವನ್ನು ಯಾವ ಬಟ್ಟಲಿಗೆ ಹಾಕಿಕೊಂಡನೋ ನೀನೇ ಹೇಳು," ಎಂದರು ಗುರು.